ಬೇಯಿಸದೇ ಉಳಿದಿದ್ದ ಗೋಧಿ

ಏನೇನು ಕೆಡಬಹುದು ಎಂದು ಮೊದಲೇ ಊಹಿಸುವುದಕ್ಕೇ ನನಗೆ ಸಂಬಳ. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಕೊರೋನಾ ಬಂದ ಮೇಲೆ ಆ ವಿದ್ಯೆಯನ್ನು ಮನೆಯಲ್ಲೂ ಪುಕ್ಕಟೆಯಾಗಿ ಪ್ರಯೋಗಿಸತೊಡಗಿದೆ. ಹಾಲಿನ ಡಬ್ಬಿಗೆ ಸೋಪಿನ ಸ್ನಾನ, ಬಾಳೆಹಣ್ಣಿಗೆ ಗೃಹಬಂಧನ. ಹೆಂಡತಿ ಡಾಕ್ಟರು. ದಿನವಿಡೀ ರೋಗಿಗಳ ನಡುವೆ ಓಡಾಡಿ ಬಂದು ಸೋಫಾದ ಮೇಲೆ ಕಾಲು ಚಾಚಿ, “ರೀ, ಆ ಬಾಳೆಹಣ್ಣಿಗೆ ಜಾಮೀನು ಕೊಡಿ, ನಂಗೆ ಹಸಿವಾಗ್ತಿದೆ” ಎನ್ನುತ್ತಿದ್ದಳು. ಇಲ್ಲೇ, ಐರ್ಲೆಂಡಿನಲ್ಲೇ ಹುಟ್ಟಿದ ಮಗಳದು ಎಲ್ಲದಕ್ಕೂ ಒಂದೇ ಉತ್ತರ: “ಇಟ್ಸ್ ಗ್ರ್ಯಾಂಡ್, ಅಪ್ಪಾ.” ಇಲ್ಲಿಯವರ ಬಾಯಲ್ಲಿ ಹಾಗೆಂದರೆ ‘ಏನೂ ಆಗಲ್ಲ, ಬಿಡಿ’ ಎಂದರ್ಥ.

ನಾವಿದ್ದದ್ದು ನೇಸ್ ಎಂಬ ಊರಿನಲ್ಲಿ, ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ. ಪಕ್ಕದ ಮನೆಯದು ಯುದ್ಧದಿಂದ ಪಾರಾಗಿ ಸಿರಿಯಾದಿಂದ ಬಂದಿದ್ದ ಕ್ರೈಸ್ತ ಕುಟುಂಬ: ಮಗ, ಸೊಸೆ, ಎಂಬತ್ತರ ಆಸುಪಾಸಿನ ತಾಯಿ. ಆಕೆ ಅಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವರು. ಹಿತ್ತಲಿನ ಗೋಡೆಯ ಆಚೆ ಈಚೆ ನಿಂತು ನಾವು ಆ ಇಂಗ್ಲಿಷಿನಲ್ಲೇ ಹರಟುತ್ತಿದ್ದೆವು. ನಾನು ‘ಆಂಟಿ’ ಎಂದರೆ ಆಕೆ ‘ಮಗನೇ’ ಎನ್ನುವರು. ಚಳಿಗಾಲದಲ್ಲಿ ಆಕೆಗೂ ಕೊರೋನಾ ತಗುಲಿ, ಆಸ್ಪತ್ರೆ ಸೇರಿ, ಹೇಗೋ ಉಳಿದು ಬಂದಿದ್ದರು.

ಮನೆಯಿಂದ ಐದು ಕಿಲೋಮೀಟರ್ ಆಚೆಗೆ ಯಾರೂ ಹೋಗುವಂತಿಲ್ಲ ಎಂಬ ನಿಯಮ ಇನ್ನೂ ಇದ್ದ ದಿನಗಳವು. ಒಂದು ಬೆಳಿಗ್ಗೆ ಆಕೆ ಗೋಡೆಯ ಮೇಲೆ ಮುಚ್ಚಿದ ಬಟ್ಟಲೊಂದನ್ನು ಇಟ್ಟರು. ತೆರೆದೆ. ಬೆಂದ ಗೋಧಿ, ಸಕ್ಕರೆ, ಬಾದಾಮಿ, ಮೇಲೆ ದಾಳಿಂಬೆ ಕಾಳು. ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಗೋಧಿ ಹುಗ್ಗಿ ಎಂದರೆ ಹಬ್ಬ, ಮದುವೆ, ಸೀಮಂತ. ಬುದ್ಧಿ ನಾಲಿಗೆಯ ಹಿಂದೆಯೇ ಹಾವೇರಿಗೆ ಓಡಿತು. ಸ್ಯಾನಿಟೈಸರ್ ಕೂಡ ನೆನಪಾಗಲಿಲ್ಲ.

“ಕಂಗ್ರಾಜುಲೇಶನ್ಸ್ ಆಂಟಿ! ಏನು, ಸೊಸೆಗೆ ವಿಶೇಷನಾ?”

ಆಕೆ ಗೋಡೆ ಹಿಡಿದುಕೊಂಡರು. “ಇದು ಸತ್ತವರಿಗೆ ಮಾಡೋದು, ಮಗನೇ.”

ನನ್ನ ಮುಖದ ನಗುವನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಯಾರು ಹೋದರು ಎಂದು ಮೆಲ್ಲಗೆ ಕೇಳಿದೆ.

“ನಮ್ಮ ತಾತ.”

ತಾತ ಅಮೆರಿಕಕ್ಕೆ ಹೊರಟಿದ್ದು ಹೆಗಲ ಮೇಲೆ ಗಂಟು ಹೊತ್ತು ದಾರ, ಗುಂಡಿ, ಲೇಸು ಮಾರಿ ಬದುಕಲು. ಅಜ್ಜಿ ಆಗ ಬಸುರಿ. ಆತ ಫ್ರಾನ್ಸಿನಲ್ಲಿ ಆ ಹೊಸ, ದೊಡ್ಡ ಹಡಗು ಹತ್ತಿದರು. ಹಡಗು ಕೊನೆಯದಾಗಿ ನಿಂತದ್ದು ಐರ್ಲೆಂಡಿನ ದಕ್ಷಿಣದ ಬಂದರಿನಲ್ಲಿ. ಆಮೇಲೆ ಮಂಜುಗಡ್ಡೆಗೆ ಬಡಿದು ಮುಳುಗಿತು. ಹೆಣ ಸಿಗಲಿಲ್ಲ. ಅವರ ಪದ್ಧತಿಯಂತೆ ಸತ್ತವರ ನಲವತ್ತನೇ ದಿನ ಗೋಧಿ ಬೇಯಿಸಿ ಚರ್ಚಿನಲ್ಲಿ ಹಂಚಬೇಕು. ತಿಂದವರು ‘ದೇವರು ಅವರನ್ನು ಕರುಣಿಸಲಿ’ ಎನ್ನಬೇಕು. ಅಜ್ಜಿ ಬೇಯಿಸಲಿಲ್ಲ. ಸತ್ತದ್ದನ್ನು ಯಾರು ನೋಡಿದ್ದಾರೆ ಎಂದು ಕೇಳಿ, ಸಂತಾಪ ಹೇಳಲು ಬಂದವರನ್ನು ಹೊಸ್ತಿಲಿನಿಂದಲೇ ಕಳಿಸಿದಳು. ಸಾಯುವವರೆಗೂ ಕಾದಳು. ಆಮೇಲೆ ಅವಳ ಮಗ, ಅಂದರೆ ಇವರ ತಂದೆ, ಅಮ್ಮನ ಮಾತು ಮೀರಬಾರದೆಂದು ತಾನೂ ಬೇಯಿಸಲಿಲ್ಲ.

“ಆ ಬಂದರಿಗೇ ಹೋಗಿ ಮಾಡೋಣ ಅಂತಿದ್ದೆ. ಈ ಐದು ಕಿಲೋಮೀಟರು ಬಿಡಬೇಕಲ್ಲ. ಆಸ್ಪತ್ರೇಲಿ ಮಲಗಿದ್ದಾಗ ಅನ್ನಿಸ್ತು, ನಾನು ಹೋದ್ರೆ ಅವರಿಗೋಸ್ಕರ ಕಾಯೋರೂ ಇರಲ್ಲ, ಗೋಧಿ ಬೇಯಿಸೋರೂ ಇರಲ್ಲ. ಇವತ್ತು ಎದ್ದವಳೇ ಬೇಯಿಸಿಬಿಟ್ಟೆ, ದೊಡ್ಡ ಪಾತ್ರೆ ತುಂಬ. ಚರ್ಚು ಮುಚ್ಚಿದೆ. ತಿನ್ನೋರು ಯಾರು?”

ನಾನು ನಿಂತಲ್ಲೇ ಒಂದು ಚಮಚ ತಿಂದೆ. ದೇವರು ಕರುಣಿಸಲಿ ಎಂದೆ. ಆಮೇಲೆ ಎಂದಿನಂತೆ ಚಿಂತೆ ಹತ್ತಿತು: ಇಷ್ಟು ಗೋಧಿ, ಇಷ್ಟು ಮನೆ, ಯಾರಿಗಾದರೂ ಸೋಂಕು ಹತ್ತಿದರೆ? ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ, “ಕುದ್ದಿರೋ ಗೋಧಿ ಕಣ್ರೀ, ಏನೂ ಆಗಲ್ಲ. ಮಗಳ ಬರ್ತ್‌ಡೇದು ಪೇಪರ್ ಲೋಟ ಉಳಿದಿವೆ, ತನ್ನಿ” ಎಂದಳು.

ನಾನು ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡು ಹೊರಟೆ. ಮಗಳು ಲೋಟಗಳ ತಟ್ಟೆ ಹಿಡಿದು ಹಿಂದೆ ಬಂದಳು. ಹೊಸ್ತಿಲ ಮೇಲೆ ಲೋಟ ಇಡುವುದು, ಬೆಲ್ ಒತ್ತುವುದು, ಹಿಂದೆ ಸರಿದು ವಿಷಯ ಹೇಳುವುದು. ಮೂಲೆಮನೆಯ ಕೇರಳದ ನರ್ಸ್ ಎದೆಯ ಮೇಲೆ ಶಿಲುಬೆ ಗೀರಿಕೊಂಡು ತಿಂದಳು. ಎದುರುಮನೆಯಲ್ಲಿ ಒಬ್ಬರೇ ಇದ್ದ ಐರಿಶ್ ಮುದುಕರು ಲೋಟ ಎತ್ತಿಕೊಂಡು, “ಪಾಪ, ಯಾವಾಗ ಹೋದ್ರು?” ಎಂದರು.

“ಸ್ವಲ್ಪ ಕಾಲ ಆಯ್ತು” ಎಂದೆ. ನಿಜ ಹೇಳಿದರೆ ಲೋಟ ವಾಪಸು ಬಂದೀತೆಂಬ ಭಯ.

ಮಗಳು ಸುಮ್ಮನಿರಬೇಕಲ್ಲ. ನೂರು ವರ್ಷದ ಮೇಲಾಯಿತು, ಇಂಥ ಹಡಗು, ಸಮುದ್ರದಲ್ಲಿ ಮುಳುಗಿದರು ಎಂದು ಅವರದೇ ಧಾಟಿಯ ಇಂಗ್ಲಿಷಿನಲ್ಲಿ ಒದರಿಬಿಟ್ಟಳು. ಮುದುಕರು ನಗಲಿಲ್ಲ. ಟೋಪಿ ತೆಗೆದರು. “ನಮ್ಮೋರೂ ಎಷ್ಟೋ ಜನ ಇದ್ರು ಅದರಲ್ಲಿ” ಎಂದು ನಿಂತಲ್ಲೇ ಗೋಧಿ ಮುಗಿಸಿ, ನಡೆದು ಹೋಗಿ ತಮ್ಮ ಗೇಟಿನ ಬಳಿ ನಿಂತರು.

ಆ ಕಾಲದಲ್ಲಿ ಸಾವಿಗೆ ಜನ ಸೇರುವಂತಿರಲಿಲ್ಲ. ಶವದ ಗಾಡಿ ಹಾದುಹೋಗುವಾಗ ಇಲ್ಲಿಯವರು ತಂತಮ್ಮ ಗೇಟಿನಲ್ಲಿ ನಿಂತು ಕಳಿಸಿಕೊಡುತ್ತಿದ್ದರು. ಮುದುಕರು ಹಾಗೆ ನಿಂತದ್ದು ಕಂಡು ನರ್ಸ್ ಹೊರಬಂದಳು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಗಾಡಿ ಯಾವುದೂ ಇರಲಿಲ್ಲ. ಖಾಲಿ ರಸ್ತೆ, ಕೈಯಲ್ಲಿ ಬಣ್ಣದ ಲೋಟಗಳು.

ಆಂಟಿ ತಮ್ಮ ಮುಂಬಾಗಿಲಿಗೆ ಬಂದರು. ಮುದುಕರು ರಸ್ತೆಯ ಆಚೆಯಿಂದ, “ಸಾರಿ ಫಾರ್ ಯುವರ್ ಟ್ರಬಲ್, ಮಿಸಸ್” ಎಂದರು. ಇಲ್ಲಿ ಸಾವಿನ ಮನೆಗೆ ಹೋದವರು ಕೈಹಿಡಿದು ಹೇಳುವ ಮಾತು ಅದು.

ಅಷ್ಟು ಹೊತ್ತು ಗಟ್ಟಿಯಾಗಿದ್ದ ಆಕೆ ಆಗ ಅತ್ತರು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಹತ್ತಿರವಿದ್ದವನು ನಾನು, ಅದೂ ದೂರದಲ್ಲಿ.

“ಈ ಮಾತನ್ನ ಅಜ್ಜಿ ಬದುಕಿರೋವರೆಗೂ ಹೊಸ್ತಿಲು ದಾಟೋಕೆ ಬಿಡಲಿಲ್ಲ” ಎಂದರು. “ನಾನೇ ಕರೆದು ಒಳಗೆ ಬಿಟ್ಟೆ. ಮೇಲೆ ಹೋದಾಗ ಅವಳಿಗೆ ಏನು ಹೇಳಲಿ, ಮಗನೇ?”



ಉತ್ತರಕ್ಕೆ ಕಾಯದೆ ಆಕೆ ಒಳಗೆ ಹೋದರು. ಬಾಗಿಲನ್ನು ಮಾತ್ರ, ಸಾವಿನ ಮನೆಯಲ್ಲಿ ಇಡುವಂತೆ, ಪೂರ್ತಿ ತೆರೆದೇ ಇಟ್ಟರು. ನಾವು ಯಾರೂ ಒಳಗೆ ಹೋಗುವಂತಿರಲಿಲ್ಲ.