ಅರೆಕೆರೆ ಬೋರಣ್ಣನ ಶಾಮಿಯಾನ

ಪದ್ಮನಾಭನಗರದ ಆ ಅಡ್ಡರಸ್ತೆಯಲ್ಲಿ ಹಾಲಿನ ಪ್ಯಾಕೆಟ್ಟುಗಳು ಇನ್ನೂ ಗೇಟುಗಳಲ್ಲೇ ನೇತಾಡುತ್ತಿವೆ. ಶ್ವೇತ ಆಗಲೇ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಶಾಮಿಯಾನದ ಕೊನೆಯ ಹಗ್ಗ ಎಳೆಯುತ್ತಿದ್ದಾಳೆ. "ಅಣ್ಣ, ಆ ಕಡೆ ಇನ್ನೊಂಚೂರು ಎತ್ತಿ. ಮಳೆ ಬಂದ್ರೆ ನೀರೆಲ್ಲಾ ಪುರೋಹಿತರ ತಲೆ ಮೇಲೇನೇ!" ಕಂಬ ಹಿಡಿದವರು ನಗುತ್ತಾರೆ. ನಗದೆ ಕುಳಿತವರು ಒಬ್ಬರೇ, ಅವಳ ತಾಯಿ ಮುನಿಲಕ್ಷ್ಮಮ್ಮ. ಅರೆಕೆರೆಯ ತಮ್ಮ ಶಾಮಿಯಾನ ಅಂಗಡಿ ಉಳಿಯಬೇಕೋ ಮುಚ್ಚಬೇಕೋ, ಇವತ್ತು ಅವರು ಹೇಳಿಬಿಡಬೇಕು.

ಅಂಗಡಿ ಕಟ್ಟಿದ್ದು ಅವರ ಯಜಮಾನರು ಬೋರಣ್ಣ. ಮನೆಯ ಹೊಲ ಬಡಾವಣೆಯಾದಾಗ ಅಣ್ಣಂದಿರಿಗೆ ಸೈಟು ಬಂತು, ಕಿರಿಯ ಬೋರಣ್ಣನಿಗೆ ಬಂದದ್ದು ಹಾರೆ ಮಾತ್ರ. ಬೇರೆಯವರ ಶಾಮಿಯಾನಕ್ಕೆ ಗುಂಡಿ ತೋಡುತ್ತಲೇ ಕೆಲಸ ಕಲಿತರು. ಯಾರೋ ಬಳಸಿ ಬಿಟ್ಟ ಬಟ್ಟೆ, ಒಂದಿಷ್ಟು ಸರ್ವೆ ಕಂಬ ಕೊಂಡು ಸ್ವಂತಕ್ಕೆ ನಿಂತರು. ಬರಬರುತ್ತ ಕಬ್ಬಿಣದ ಕಂಬ, ಕುರ್ಚಿ, ಅಡುಗೆ ಪಾತ್ರೆ, ಒಂದು ಟೆಂಪೋ ಆಯಿತು. ಜಯನಗರ, ಜೆ.ಪಿ. ನಗರದ ಎಷ್ಟೋ ಮನೆಗಳ ಮದುವೆ ಆಲ್ಬಂನಲ್ಲಿ ಅವರ ಕೆಂಪು-ಹಳದಿ ಬಟ್ಟೆ ಇದೆ. ಅವರ ಮುಖ ಒಂದರಲ್ಲೂ ಇಲ್ಲ.

"ಎಂಥಾ ಮದ್ವೆ ಮನೆ ಆದ್ರೂ ಅಲ್ಲಿ ಎಲೆ ಮುಂದೆ ಕೂರ್ತಿರ್ಲಿಲ್ಲ," ಎನ್ನುತ್ತಾರೆ ಮುನಿಲಕ್ಷ್ಮಮ್ಮ. "ಮನೆಗೆ ಬಂದು ನನ್ ಜೊತೇಲೇ ಮುದ್ದೆ ಮುರೀಬೇಕು. 'ನೀನು ಒಬ್ಳೇ ಉಣ್ತಾ ಕೂತಿದ್ರೆ ನಂಗೆ ಹೋಳಿಗೆ ಇಳಿಯುತ್ತೇನೇ' ಅನ್ನೋರು."

"ನಂಗೆ ಎರಡು ಕಟ್ಟಿಸ್ಕೊಂಡು ಬರ್ಬೋದಿತ್ತಲ್ಲಮ್ಮ!" ಶ್ವೇತ ಆ ಕಡೆಯಿಂದ ಕೂಗುತ್ತಾಳೆ.

ಕಳೆದ ವರ್ಷ ಬೋರಣ್ಣ ಹೃದಯಾಘಾತದಿಂದ ತೀರಿಕೊಂಡರು. ಅಂಗಡಿ ಇನ್ನಿಲ್ಲ ಎಂದುಕೊಂಡು ಗಿರಾಕಿಗಳು ಬೇರೆ ಕಡೆ ಹೋದರು. ಶೆಡ್ಡನ್ನು ಗೋಡೌನಿಗೆ ಬಾಡಿಗೆಗೆ ಕೇಳಿದವರು ಇವತ್ತು ಫೋನ್ ಮಾಡುತ್ತಾರೆ. ಕೊಟ್ಟುಬಿಡುವುದೆಂದೇ ಮುನಿಲಕ್ಷ್ಮಮ್ಮನ ಮನಸ್ಸು. "ಹೆಣ್ಮಗು ಬೀದಿ ಬೀದೀಲಿ ಕಂಬ ನಿಲ್ಲಿಸ್ಕೊಂಡು, ಕಂಡೋರ ಹತ್ರ ಮಾತು ಕೇಳ್ಕೊಂಡು... ಯಾಕೆ ಬೇಕು?" ಶ್ವೇತ ಬೇಡಿಕೊಂಡದ್ದು ಇಷ್ಟು: "ಒಂದ್ಸಲ ಬಂದು ನನ್ ಕೆಲ್ಸ ನೋಡಮ್ಮ. ಆಮೇಲೆ ನೀನು ಹೇಳ್ದಂಗೆ." ಹಾಗೆ ಬಂದಿದ್ದಾರೆ, ಈ ಮನೆಯ ಅಜ್ಜಿ ಅಲಮೇಲು ಅವರ ಮೊಮ್ಮಗನ ಉಪನಯನಕ್ಕೆ.

ಶಾಮಿಯಾನ ರಸ್ತೆಗೆ ಅಡ್ಡಲಾಗಿ ಎದ್ದು ನಿಂತಿತು ಅನ್ನುವಷ್ಟರಲ್ಲಿ ಎದುರುಮನೆಯ ಗೇಟು ತೆರೆಯುತ್ತದೆ.

"ಏನಮ್ಮ ಇದು?" ಎದುರುಮನೆಯ ನಂದಕುಮಾರ್ ಕಾರಿನ ಕೀ ಹಿಡಿದೇ ಬಂದಿದ್ದಾರೆ. "ನಮ್ಮನೆಯವ್ರಿಗೆ ಡಯಾಲಿಸಿಸ್ ಇದೆ. ಕಾರನ್ನ ನಿಮ್ಮ ಬಟ್ಟೆ ಮೇಲೆ ಹಾರಿಸ್ಲಾ?"

ಮುನಿಲಕ್ಷ್ಮಮ್ಮ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ಮೊದಲ ಕಂಬಕ್ಕೆ ಮುಂಚೆ ಅಕ್ಕಪಕ್ಕದ ಬಾಗಿಲು ತಟ್ಟಿ, ಯಾರಿಗೆ ಯಾವಾಗ ದಾರಿ ಬೇಕೆಂದು ಕೇಳದೆ ಬೋರಣ್ಣ ಹಾರೆ ಮುಟ್ಟುತ್ತಿರಲಿಲ್ಲ. ಮಗಳಿಗೆ ಇದು ಗೊತ್ತಿಲ್ಲವೇ?

"ತಪ್ಪು ನಂದೇ ಅಂಕಲ್," ಶ್ವೇತ ದನಿ ಏರಿಸುವುದಿಲ್ಲ. "ಎಲ್ಲರ ಮನೇಲೂ ಕೇಳ್ದೆ. ನಿನ್ನೆ ನಿಮ್ಮನೆ ಬೀಗ ಇತ್ತು, ಇವತ್ತು ಮರ್ತೇಬಿಟ್ಟೆ. ಆಂಟೀನ ಹೊರಡಿಸಿ, ಅಷ್ಟರಲ್ಲಿ ದಾರಿ ಆಗಿರುತ್ತೆ."

ರಂಗೋಲಿ ಡಬ್ಬಿ ಹಿಡಿದು ನಿಂತ ಅಲಮೇಲು ಕಂಗಾಲು. "ಮುಹೂರ್ತ ಹತ್ರ ಬಂತಲ್ಲೇ ಮಗು, ಈಗ ಬಿಚ್ತೀಯಾ?"

"ಬಿಚ್ಚಲ್ಲ ಅಜ್ಜಿ, ಸರಿಸ್ತೀನಿ. ನಿಮ್ಮ ಬಾಲ್ಕನಿ ಗ್ರಿಲ್ ಗಟ್ಟಿ ಇದೆ ತಾನೇ?"

ರಸ್ತೆ ಬದಿಯ ಕಂಬಗಳು ಒಂದೊಂದಾಗಿ ಕಾಂಪೌಂಡಿನತ್ತ ಸರಿಯುತ್ತವೆ. ಬಟ್ಟೆಯನ್ನು ಅರ್ಧಕ್ಕೆ ಮಡಚಿ ಬಾಲ್ಕನಿಗೆ ಕಟ್ಟುತ್ತಾರೆ. ಕುರ್ಚಿಗಳು ಅಂಗಳ ಸೇರುತ್ತವೆ. ಗಾಳಿಗೆ ಒಂದು ಹಗ್ಗ ಕೈತಪ್ಪಿ ಬಡಿದಾಡುತ್ತದೆ. ಅದನ್ನು ಗಪ್ಪೆಂದು ಹಿಡಿದದ್ದು ಮುನಿಲಕ್ಷ್ಮಮ್ಮ.

"ಬಿಡ್ಬೇಡಮ್ಮ, ಹಂಗೇ ಹಿಡ್ಕೋ!"

"ಹಿಡ್ದಿದೀನಿ ಕಣೇ, ನೀನು ಮೊದ್ಲು ಗಂಟು ಹಾಕು."

ಕಾರು ನಿರಾಳವಾಗಿ ದಾಟುತ್ತದೆ. ಹಿಂದಿನ ಸೀಟಿನ ಹೆಂಗಸು ಶ್ವೇತಳತ್ತ ಕೈಯೆತ್ತುತ್ತಾರೆ. ಒಳಗೆ ನಾಗಸ್ವರ ಶುರುವಾಗುತ್ತದೆ. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಅಲಮೇಲು ತಾವೇ ಕಾಫಿ ತಂದು ತಾಯಿಮಗಳಿಬ್ಬರ ಕೈಗೂ ಕೊಡುತ್ತಾರೆ.

ಅರ್ಧ ಲೋಟ ಮುಗಿಯುವಷ್ಟರಲ್ಲಿ ಮುನಿಲಕ್ಷ್ಮಮ್ಮನ ಫೋನು ರಿಂಗಾಗುತ್ತದೆ. ಗೋಡೌನಿನವರು. ಶ್ವೇತ ಕುಡಿಯುವುದನ್ನು ನಿಲ್ಲಿಸುತ್ತಾಳೆ.

"ಹೂಂ, ಹೇಳಪ್ಪ... ಇಲ್ಲ, ಕೊಡೋಕಾಗಲ್ಲ. ಅಯ್ಯೋ, ಬಾಡಿಗೆ ಮಾತಲ್ಲಪ್ಪ," ಎನ್ನುತ್ತಾರೆ ಮುನಿಲಕ್ಷ್ಮಮ್ಮ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ನಮ್ಗೇ ಜಾಗ ಸಾಲ್ದು. ನನ್ ಮಗಳು ಅಂಗಡಿ ನಡೆಸ್ತಾಳೆ."