ಎಲ್ಲರ ಕ್ಷೌರ ಮುಗಿದ ಮೇಲೆ

ಆ ದಿನ ಅವಳು ಅಂಗಡಿಯ ಕನ್ನಡಿ ಒರೆಸುತ್ತಿದ್ದಳು. ಗಂಡ ಸೈನ್ಯಕ್ಕೆ ಹೋದಾಗಿನಿಂದ ಕ್ಷೌರದಂಗಡಿ ಮುಚ್ಚಿತ್ತು. ಯುದ್ಧ ಮುಗಿದ ಸುದ್ದಿ ಬಂದಮೇಲೆ ಅವಳು ಆಗಾಗ ಬಾಗಿಲು ತೆಗೆದು ಧೂಳು ಹೊಡೆಯುತ್ತಿದ್ದಳು. ಬೀದಿಯ ಗಂಡಸರು ಒಬ್ಬೊಬ್ಬರಾಗಿ ಮನೆ ಸೇರುತ್ತಿದ್ದರು. ಅವನು ಮಾತ್ರ ಬಂದಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಪಕ್ಕದ ಮನೆಯ ಲಾರಿ ಡ್ರೈವರು, ಸೈನ್ಯದಿಂದ ಹಿಂದಿನ ದಿನವಷ್ಟೇ ಬಂದಿಳಿದವನು.

"ತಿರುಗಿ ನಿಲ್ಲು," ಎಂದಳು ಅವಳು.

"ಯಾಕಕ್ಕಾ?"

"ತಿರುಗೋ ಅಂದ್ರೆ ತಿರುಗು."

ಎಡಗಿವಿಯ ಹಿಂದೆ ಕೂದಲಿನ ಅಂಚು ಚೂರು ಓರೆಯಾಗಿತ್ತು. ಅವಳ ಗಂಡ ಎಡಚ. ಅವನ ಕತ್ತರಿ ಎಲ್ಲರ ಕತ್ತಿನ ಮೇಲೂ ಅದೇ ಓರೆ ಬಿಡುತ್ತಿತ್ತು.

ಅವಳು ಬೆಂಚಿನ ಮೇಲೆ ಕೂತಿದ್ದ ಅತ್ತೆಯನ್ನು ಕರೆದಳು. "ನೋಡಿ ಅತ್ತೆ, ನಿಮ್ಮ ಮಗನ ಕೈ ಬಂತು, ಆಳು ಬರಲಿಲ್ಲ."

"ಇವನ ತಲೆ ಇಟ್ಕೊಂಡು ನಾನೇನು ಮಾಡ್ಲಿ? ಒಳಗೇನೂ ಇಲ್ಲ," ಎಂದು ಅತ್ತೆ ನಕ್ಕಳು.

ಡ್ರೈವರು ನಗಲಿಲ್ಲ. "ಕ್ಷೌರ ಆಗದೆ ಯಾರನ್ನೂ ಶಿಬಿರದ ಗೇಟು ದಾಟಿಸಲ್ಲಕ್ಕ. ನನ್ನನ್ನ ಯಾವಾಗ ಬಿಡ್ತೀರಿ ಅಂತ ಭಾವ ಸಾಹೇಬ್ರನ್ನ ಕೇಳಿದ್ರು. ನೀನು ಹೋದ್ರೆ, ಹೋಗೋರ ಕೂದಲು ಯಾರಪ್ಪಾ ತೆಗೀತಾರೆ ಅಂದ್ರು ಸಾಹೇಬ್ರು."

"ಹಾಗಾದ್ರೆ ಎಲ್ಲರಿಗಿಂತ ಕೊನೇಗಾ?"

"ಕೊನೇಗೇ."

ತಿಂಗಳ ಮೇಲೆ ತಂತಿ ಬಂತು. ಶಿಬಿರದಲ್ಲಿ ಹೇನಿನಿಂದ ಹರಡುವ ಜ್ವರ ಎದ್ದಿತ್ತು. ದಿನವಿಡೀ ಹೇನು ತುಂಬಿದ ತಲೆಗಳ ಮೇಲೆ ಬಗ್ಗಿರುತ್ತಿದ್ದವನು ಉಳಿಯಲಿಲ್ಲ. ಅವಳು ಅಳುವಷ್ಟು ಅತ್ತಳು. ಆಮೇಲೆ ಸಿಟ್ಟು ಬಂತು. ಅದು ಇನ್ನೂ ಹೋಗಿಲ್ಲ.

ಚೌಕದಲ್ಲಿ ಯುದ್ಧದಲ್ಲಿ ಮಡಿದವರ ಹೆಸರಿನ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು. ಪುರಸಭೆಯ ಗುಮಾಸ್ತ ಮನೆಗೆ ಬಂದ.

"ನಿಮ್ಮ ಯಜಮಾನರ ಹೆಸರೂ ಸೇರಿಸ್ತೀವಮ್ಮ. ದೊಡ್ಡ ಗೌರವ."

"ಅವರು ಯುದ್ಧದಲ್ಲಿ ಸತ್ತಿಲ್ಲ."

"ಹಾಗಂದ್ರೆ?"

"ಯುದ್ಧ ಮುಗೀತು ಅಂತ ನೀವೇ ಮೈಕು ಕಟ್ಕೊಂಡು ಬೀದಿಬೀದಿ ಕೂಗಿದ್ರಲ್ಲ? ಅವತ್ತು ಅವರು ಗಟ್ಟಿಮುಟ್ಟಾಗಿದ್ರು. ಆಮೇಲೆ ಹಿಡಿದಿಟ್ಕೊಂಡು ಕೊಂದ್ರು. 'ಯುದ್ಧ ಮುಗಿದ ಮೇಲೆ' ಅಂತ ಕೆತ್ತಿಸಿ, ಆಗ ಹೆಸರು ಹಾಕಿ."

"ಅಷ್ಟೆಲ್ಲಾ ಕೆತ್ತೋಕೆ ಕಲ್ಲಲ್ಲಿ ಜಾಗ ಇಲ್ಲಮ್ಮ."

"ನಿಮ್ಮ ಅಧ್ಯಕ್ಷರ ಹೆಸರಿಗೆ ಇದೆಯಾ?"

ಗುಮಾಸ್ತ ಚಪ್ಪಲಿ ಮೆಟ್ಟಿಕೊಂಡ.

ಅತ್ತೆ ಮೂಲೆಯಿಂದ ಗದರಿದಳು. "ಸುಮ್ನಿರೇ, ಮಾರಾಯ್ತಿ. ಮಗನ ಹೆಸರಾದ್ರೂ ನನ್ನ ಕಣ್ಣಿಗೆ ಬೀಳ್ಲಿ."

"ಬೀಳ್ಲಿ ಅತ್ತೆ. ಸುಳ್ಳು ಬೀಳೋದು ಬೇಡ."

ಅವಳ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಲ್ಲು ನಿಂತಿತು, ಅವನ ಹೆಸರು ಸಾಲಿನ ಕೊನೆಯಲ್ಲಿತ್ತು. ಅವಳು ಶಾಲೆಗೆ ಹೋದದ್ದು ಎರಡೇ ವರ್ಷ. ಅಷ್ಟು ಸಾಕಾಯಿತು. ಹೆಸರಿನ ಕೆಳಗೆ ಸೀಮೆಸುಣ್ಣದಲ್ಲಿ, ಡೊಂಕು ಅಕ್ಷರಗಳಲ್ಲಿ, "ಯುದ್ಧ ಮುಗಿದ ಮೇಲೆ" ಎಂದು ಬರೆದಳು. ಮಧ್ಯಾಹ್ನದ ಹೊತ್ತಿಗೆ ಬೀದಿ ಗುಡಿಸುವವನು ಅದನ್ನು ಒರೆಸಿದ.

"ಮೇಲಿನವರು ಹೇಳಿದಾರಕ್ಕ. ಬೇಜಾರು ಮಾಡ್ಕೋಬೇಡ."

"ಒರೆಸಪ್ಪ. ನಿನ್ನ ಕೆಲಸ ನಿಂದು, ನನ್ನ ಕೆಲಸ ನಂದು."

ಈಗಲೂ ಒಲೆ ಹಚ್ಚುವ ಮೊದಲು ಅವಳು ಚೌಕಕ್ಕೆ ಹೋಗುತ್ತಾಳೆ. ಕೆಲವು ದಿನ ಅತ್ತೆಯೂ ಹಿಂದೆಯೇ ಬರುತ್ತಾಳೆ. "ದಪ್ಪಕ್ಕೆ ಬರಿಯೇ, ನನಗೂ ಕಾಣ್ಲಿ," ಎನ್ನುತ್ತಾಳೆ. ಮಂಜು ಬಿದ್ದಿದ್ದರೆ ಮೊದಲು ಚಿಂದಿಬಟ್ಟೆಯಿಂದ ಕಲ್ಲನ್ನು ಒಣಗಿಸಬೇಕು. ಒದ್ದೆ ಕಲ್ಲಿಗೆ ಸೀಮೆಸುಣ್ಣ ಹಿಡಿಯುವುದಿಲ್ಲ. ಒಣಗಿಸುತ್ತಾಳೆ. ಬರೆಯುತ್ತಾಳೆ.