ಕಣ್ಣಿಗೆ ಬಿದ್ದ ಹೂವು

ಅವ್ವನಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣನ್ನು ಚಿಕ್ಕಂದಿನಲ್ಲೇ ಸಿಡುಬು ತಿಂದುಹಾಕಿತ್ತು. ಉಳಿದ ಬಲಗಣ್ಣಿಗೆ, ಐವತ್ತರ ದಶಕದ ಒಂದು ಸುಗ್ಗಿಯಲ್ಲಿ, ಅಬ್ಬಿಗೇರಿಯ ನಮ್ಮ ಕಣದಲ್ಲಿ ಜೋಳ ತೂರುವಾಗ ಹೊಟ್ಟು ಬಿತ್ತು.

ಅದಕ್ಕೆ ಯಾರೂ ಗಾಬರಿಯಾಗಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಇದ್ದಳಲ್ಲ! ರೆಪ್ಪೆ ಅಗಲಿಸಿ, ನಾಲಿಗೆಯ ತುದಿಯಿಂದ ಕಣ್ಣಿನ ಕಸ ತೆಗೆಯುವುದರಲ್ಲಿ ಆಕೆಯದು ಎತ್ತಿದ ಕೈ. ಕೈ ಅನ್ನಬೇಕೋ ನಾಲಿಗೆ ಅನ್ನಬೇಕೋ. ಪಕ್ಕದ ಕಣದವರೂ ಕಣ್ಣು ಉಜ್ಜಿಕೊಳ್ಳುತ್ತ ಅವಳ ಹತ್ತಿರ ಓಡಿಬರುತ್ತಿದ್ದರು. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಸೊಸೆಯ ಕಣ್ಣಿನ ಹೊಟ್ಟನ್ನೂ ಹಾಗೆಯೇ ತೆಗೆದು ಎಲ್ಲರಿಗೂ ತೋರಿಸಿದಳು.

ಮರುದಿನವೇ ಕಣ್ಣು ಕೆಂಪಾಯಿತು. ಆಮೇಲೆ ಕೀವು ಬಂದು ರೆಪ್ಪೆಗಳು ಅಂಟಿಕೊಂಡವು. ಬಿಸಿನೀರಲ್ಲಿ ಒರೆಸಿ ಬಿಡಿಸಿದರೆ ಕರಿಗುಡ್ಡೆಯ ಮೇಲೊಂದು ಬಿಳಿ ಚುಕ್ಕೆ. ಅದಕ್ಕೆ ಕಣ್ಣಿಗೆ ಹೂ ಬೀಳುವುದು ಅನ್ನುತ್ತಾರೆ. ಇಂಥ ಕೆಟ್ಟದ್ದಕ್ಕೆ ಇಷ್ಟು ಚೆಂದದ ಹೆಸರಿಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅಪ್ಪ ಚಕ್ಕಡಿ ಹೂಡಿ ರೋಣದ ಡಾಕ್ಟರ ಹತ್ತಿರ ಕರೆದೊಯ್ದ. ನಾನೂ ಹೋದೆ. ಅವರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಯಾರರ ನಾಲಿಗಿ ಹಚ್ಚಿದ್ರೇನು?" ಅಂದರು. ಅಪ್ಪ ತಲೆ ತಗ್ಗಿಸಿದ.

"ಬಾಯಾಗಿನ ಹೊಲಸು ಗಾಯಕ್ಕ ಹೊಕ್ಕೈತಿ. ಹೂ ಇನ್ನ ಬೆಳೀತಂದ್ರ ಈ ಕಣ್ಣೂ ಹೋಗ್ತೈತಿ ನೋಡ್ರಿ."

ಪೆನಿಸಿಲಿನ್ ಹನಿ ಕೊಟ್ಟರು. ತಾಸಿಗೊಮ್ಮೆ ಹಾಕಬೇಕು, ತಂಪಿನಲ್ಲಿಡಬೇಕು, ಹನಿ ಹಾಕುವ ಗಾಜಿನ ನಳಿಕೆ ಕಣ್ಣಿಗೆ ತಾಗಬಾರದು, ಇನ್ನೊಮ್ಮೆ ನಾಲಿಗೆಯಂತೂ ಹಚ್ಚಲೇಬಾರದು.

ನೀರಿನ ಹರವಿಯ ಕೆಳಗಿನ ಹಸಿ ಉಸುಕಿನಲ್ಲಿ ಶೀಶೆ ಹೂತಿಟ್ಟೆವು. ಅಪ್ಪನಿಗೆ ಕಣದ ಕೆಲಸವಿತ್ತು. ಹನಿ ಹಾಕುವ ಕೆಲಸ ನನಗೆ ಬಂತು. ಇನ್ನೂ ಲಂಗ ಉಡುವ ಹುಡುಗಿ ನಾನು. ಹನಿ ಕೆನ್ನೆಗೆ ಜಾರಿದರೆ ಕಣ್ಣೇ ಜಾರಿಹೋದಂತೆ ಅನ್ನಿಸುತ್ತಿತ್ತು. ದಿನಾ ಬೆಳಿಗ್ಗೆ ಅವ್ವ ಬಾಗಿಲ ಬೆಳಕಿಗೆ ಮುಖವೆತ್ತಿ, "ಹೂ ದೊಡ್ಡದಾಗೇತೇನ?" ಅಂತ ಕೇಳುತ್ತಿದ್ದಳು. ನನಗೇನು ತಿಳಿಯುತ್ತಿತ್ತು? "ಇಲ್ಲವ್ವಾ, ಅಷ್ಟ ಐತಿ" ಅನ್ನುತ್ತಿದ್ದೆ. ಆಗಿದ್ದರೂ ಹಾಗೇ ಅನ್ನುತ್ತಿದ್ದೆ.

ಒಮ್ಮೆ ನೀರು ತರಲು ಹಿತ್ತಿಲಿಗೆ ಹೋದವಳು ಒಳಗೆ ಬರುವಾಗ ನೋಡಿದೆ: ಅವ್ವ ಕಣ್ಣು ಮುಚ್ಚಿಕೊಂಡು, ಗೋಡೆ ಮುಟ್ಟುತ್ತ, ಒಲೆಯಿಂದ ಬಚ್ಚಲಿಗೆ ನಡೆಯುವುದನ್ನು ಕಲಿಯುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ಅಪ್ಪ ಕಣಕ್ಕೆ ಹೋಗಿದ್ದ ಹೊತ್ತು ನೋಡಿ ಆಯಿ ಪಡಸಾಲೆಯಲ್ಲಿ ಬಂದು ಕೂತಳು. "ಕಸ ಇನ್ನೂ ಒಳಗ ಐತಿ. ಅದಕ್ಕ ಹನಿ ಹಾಕಿದ್ರ ಉರೀತೈತಿ. ಬಾ ಇಲ್ಲೆ, ಲಗೂನ ತಗೀತೀನಿ."

ಅತ್ತೆ ಕರೆದರೆ ಸೊಸೆ ಹೋಗಬೇಕು. ಅವ್ವ ಹೋಗಿ ಎದುರಿಗೆ ಕೂತಳು. ಆಯಿ ಆಕೆಯ ಗದ್ದ ಹಿಡಿದು ಬಾಗಿದಳು. ಅವ್ವ ತಟ್ಟನೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು.

"ಬ್ಯಾಡ್ರಿ ಅತ್ತಿ. ನನಗ ಇದೊಂದ ಐತ್ರಿ."

ಮದುವೆಯಾಗಿ ಬಂದಾಗಿನಿಂದ ಆಕೆ ಅತ್ತೆಗೆ ಬ್ಯಾಡ ಅಂದದ್ದೇ ಇರಲಿಲ್ಲ. ಆಯಿ ಗದ್ದ ಬಿಟ್ಟಳು. "ನನ್ನ ನಾಲಿಗಿ ವಿಷ ಆತೇನ?" ಅಂದಳು. ಅವ್ವ ಕಣ್ಣಿನ ಮೇಲಿನ ಕೈ ತೆಗೆಯಲಿಲ್ಲ. ಆಯಿ ಎದ್ದುಹೋಗಿ, ಹರವಿಯ ಕೆಳಗೆ ಶೀಶೆ ಹೂತಿಟ್ಟ ಉಸುಕಿಗೆ ನೀರು ಚಿಮುಕಿಸಿದಳು.

ಕೀವು ನಿಂತಿತು. ನಿಂತರೂ ಹನಿ ಹಾಕುವುದನ್ನು ನಿಲ್ಲಿಸಬೇಡಿ ಅಂತ ಡಾಕ್ಟರು ಹೇಳಿದ್ದರು; ನಿಲ್ಲಿಸಲಿಲ್ಲ. ಶೀಶೆಯ ಔಷಧ ಕೆಡುವ ಮುಂಚೆ ಅಪ್ಪ ರೋಣಕ್ಕೆ ಹೋಗಿ ಹೊಸದು ತರುತ್ತಿದ್ದ. ಆದರೆ ಅವ್ವನಿಗೆ ಎಷ್ಟು ಕಾಣುತ್ತದೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆಕೆಯೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಹನಿ ಹಾಕಲು ಬಾಗಿದ್ದೆ. ಅವ್ವ ನನ್ನ ತಲೆಯನ್ನು ಬೆಳಕಿನ ಕಡೆ ತಿರುಗಿಸಿ, ಕೂದಲು ಬಿಡಿಸಿ ನೋಡಿದಳು.

"ಏನವ್ವಾ?"

"ಹೇನ. ಸಣ್ಣ ಸಣ್ಣ ಸೀರಂತೂ ಸಾಲಿಟ್ಟಾವು."

ನಾನು ಆಕೆಯ ತೊಡೆಯ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತೆ. "ಅಳಾಕ ಏನಾತು, ಹಣಿಗಿ ತಗೊಂಡ ಬಾ" ಅಂದಳು ಅವ್ವ.